ಅಳಿಯನ ಸಿಟ್ಟು

ಮೋಡ ಎದ್ದಿದ್ದು ಪೂರ್ವಕ್ಕೆ. ಟ್ರ್ಯಾಕ್ಟರಿನ ಟ್ರೇಲರಿನಲ್ಲಿ ಕಡುಬಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಹೇಮಂತ, ಕಾಲುವೆ ರಸ್ತೆಗೆ ತಿರುಗುವಾಗಲೇ ಅದನ್ನು ನೋಡಿದ್ದ. ನೋಡಿ, ಇವತ್ತೊಂದು ದಿನ ನೋಡಬಾರದಿತ್ತು ಅಂದುಕೊಂಡಿದ್ದ. ಸೀಗಿ ಹುಣ್ಣಿಮೆ. ಬಸುರಿ ಭೂಮಿತಾಯಿಗೆ ಹೊಲಕ್ಕೇ ಹೋಗಿ ಉಣ್ಣಿಸುವ ದಿನ. ಮನುಷ್ಯನಾದವನು ನೆಲ ನೋಡಬೇಕೇ ಹೊರತು ಮುಗಿಲನ್ನಲ್ಲ. ಆದರೆ ಕಣ್ಣು ಮಾತು ಕೇಳಬೇಕಲ್ಲ. ಅದು ಬಾಜೂಕೆ ಕೂತ ಹೆಂಡತಿ ನಂದಾಳ ಹೆಗಲ ಮೇಲಿಂದ, ಎದುರಿಗೆ ಕೂತ ಅತ್ತೆ ಶಾರದವ್ವನ ಸೆರಗಿನ ಮೇಲಿಂದ ಮತ್ತೆ ಮತ್ತೆ ಮೂಡಣಕ್ಕೆ ಹೋಗಿ ಬರುತ್ತಿತ್ತು. ಮೋಡದ ಬುಡ ಕಪ್ಪು, ಮೇಲೆಲ್ಲ ಬಿಳಿ, ನೆತ್ತಿ ಇನ್ನೂ ಗುಂಡಗೆ. ನೆತ್ತಿ ಗುಂಡಗಿದ್ದರೆ ಅದಿನ್ನೂ ಬೆಳೆಯುತ್ತಿದೆ ಅಂತ ಅರ್ಥ, ಹರಡಿ ಚಪ್ಪಟೆಯಾಯಿತೆಂದರೆ ಒಳಗೆ ಸಿಡಿಲು ತಯಾರು ಅಂತ ಅರ್ಥ. ನವಲಗುಂದದಲ್ಲಿ ನಡೆದ ತರಬೇತಿಯಲ್ಲಿ ಇದನ್ನೆಲ್ಲ ಪರದೆಯ ಮೇಲೆ ತೋರಿಸಿದ್ದರು. ಅಲ್ಲಿ ನೋಡುವಾಗ ಅದು ಚಿತ್ರವಾಗಿತ್ತು, ಚಹಾ ಕುಡಿಯುತ್ತ ನೋಡಿದ್ದ.

"ಏನ್ರಿ, ಬುಟ್ಟಿ ವಾಲೇತಿ ನೋಡ್ರಿ," ಎಂದಳು ನಂದಾ.

ಹೇಮಂತ ಮಿಶ್ರಿಕೋಟಿಯವನು. ಮಾವ ಹೊಳೆಪ್ಪನಿಗೆ ಇಬ್ಬರೂ ಹೆಣ್ಣುಮಕ್ಕಳು. ಹಿರಿಯವಳಾದ ನಂದಾಳನ್ನು ಕೊಟ್ಟು ಅಳಿಯನನ್ನು ಮನೆಗೇ ತಂದುಕೊಂಡಿದ್ದ. ಯಮನೂರಿನ ಆಚೆಗಿನ ಈ ಊರಲ್ಲಿ ಹೇಮಂತನಿಗೆ ಹೆಸರೆಂಬುದೇ ಇಲ್ಲ. ಮಾವನಿಂದ ಹಿಡಿದು ಚಹಾದಂಗಡಿಯವನ ತನಕ ಎಲ್ಲರಿಗೂ ಅವನು 'ಅಳ್ಯಾರ'. ಮರ್ಯಾದೆಗೇನೂ ಕಡಿಮೆಯಿಲ್ಲ. ಊಟಕ್ಕೆ ಮೊದಲು ಮಣೆ, ಮಣೆಗೆ ಮೊದಲು ಕೈಗೆ ನೀರು. ಆದರೆ ಯಾವ ಹೊಲಕ್ಕೆ ಏನು ಬಿತ್ತಬೇಕು, ಯಾವ ಎತ್ತು ಮಾರಬೇಕು ಎಂಬ ವಿಚಾರ ಬಂತೆಂದರೆ ಮಾತು ಅವನನ್ನು ಬಳಸಿಕೊಂಡು ಆಚೆಗೆ ಹೋಗುತ್ತಿತ್ತು. ಬೆಳಗ್ಗೆ ಮತ್ತು ಸಂಜೆ ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವುದು ಅವನ ಕೆಲಸ. ನಡುವಿನ ದಿನವೆಲ್ಲ ಖಾಲಿ. ಆ ಖಾಲಿಯೊಳಗೆ ಮುಗಿಲು ಬಂದು ಸೇರಿಕೊಂಡಿತು. ಬಾಲ್ಯದ ಗೆಳೆಯ ಜಾಕೀರ್ ಮಿಶ್ರಿಕೋಟಿಯಿಂದ ಫೋನ್ ಮಾಡಿ, "ಸಿಡಿಲು ಮಳಿ ಬರೂಕಿಂತ ಮೊದಲ ನೋಡಿ ತಿಳಸವ್ರು ಬೇಕಾಗ್ಯಾರಲೇ. ಪಗಾರ ಇಲ್ಲ, ಪುಕ್ಕಟ ಕೆಲಸ. ನಿಮ್ಮ ಕಡೆ ಗುಡ್ಡಿಲ್ಲ, ಗಿಡ ಇಲ್ಲ, ಮುಗಲಂದ್ರ ಬರೇ ಮುಗಲು. ಸೇರು," ಎಂದಿದ್ದ. ಹೇಮಂತ ಸೇರಿದ. ಕಿತ್ತಳೆ ಬಣ್ಣದ ಟೊಪ್ಪಿಗೆ, ಒಂದು ಸೀಟಿ, ಕೊರಳಿಗೊಂದು ಕಾರ್ಡು ಕೊಟ್ಟರು. ವಾಟ್ಸ್ಯಾಪ್ ಗುಂಪಿನಲ್ಲಿ ಅವನು ಬರೆದದ್ದನ್ನು ಕಲಘಟಗಿಯ ತನಕ ಮಂದಿ ಓದುತ್ತಿದ್ದರು, 'ಹೇಮಂತ ಸರ್' ಎನ್ನುತ್ತಿದ್ದರು. ಹೋದ ಹೆಸರು ಹೀಗೆ ತಿರುಗಿ ಬಂದದ್ದಕ್ಕೆ ಅವನಿಗೆ ನಾಚಿಕೆಯಾಗುವಷ್ಟು ಸಂತೋಷವಾಗಿತ್ತು. ಟೊಪ್ಪಿಗೆ ಮಾತ್ರ ವಾರದೊಳಗೆ ಮಾಯವಾಗಿ, ಮೆಣಸಿನ ಹೊಲದ ಬೆದರುಗೊಂಬೆಯ ತಲೆಯ ಮೇಲೆ ಕಂಡಿತು. "ಹಕ್ಕಿ ಅಗದಿ ಹೆದರ್ತಾವ ನೋಡ್ರಿ ಅಳ್ಯಾರ, ಬಣ್ಣ ಛಲೋ ಐತಿ," ಎಂದಿದ್ದ ಹೊಳೆಪ್ಪ, ಹೊಗಳುವ ದನಿಯಲ್ಲೇ. ಹೇಮಂತ ನಕ್ಕಿದ್ದ. ಅವನಿಗೆ ನಗುವುದು ಚೆನ್ನಾಗಿ ಬರುತ್ತಿತ್ತು. ಈ ಮನೆಯಲ್ಲಿ ಕಲಿತ ಮೊದಲ ಕಸುಬೇ ಅದು.

ಇಡೀ ಹೊಲಕ್ಕೆ ಒಂದೇ ಮರ. ಕಣ್ಣು ಹಾಯಿಸಿದಷ್ಟು ದೂರ ಎರೆ ನೆಲ, ಮೊಣಕಾಲೆತ್ತರದ ಹತ್ತಿ, ಮೆಣಸಿನಗಿಡ. ನಟ್ಟನಡುವೆ ಹೊಳೆಪ್ಪನ ಅಜ್ಜನ ಕಾಲದ ಬನ್ನಿ. ಕೂಗಳತೆಯಲ್ಲಿ ಕಾಲುವೆ ರಸ್ತೆ, ಅದರ ಪಕ್ಕಕ್ಕೆ ಕಾಲುವೆ ಕಾಯುವವನಿಗೆಂದು ಯಾವಾಗಲೋ ಕಟ್ಟಿದ ಸಿಮೆಂಟಿನ ಖೋಲಿ, ಈಗ ಬಾಗಿಲೂ ಇಲ್ಲದೆ ಖಾಲಿ ನಿಂತದ್ದು. ಟ್ರ್ಯಾಕ್ಟರನ್ನು ಆ ಖೋಲಿಯ ಹತ್ತಿರ ನಿಲ್ಲಿಸಿ, ದಾವೂದಸಾಬ ಎಲ್ಲರಿಗಿಂತ ಭಾರದ ಬುಟ್ಟಿಯನ್ನು ತಾನೇ ಎತ್ತಿಕೊಂಡು ಮುಂದೆ ನಡೆದ. ದಾವೂದಸಾಬ ಈ ಹೊಲವನ್ನು ಪಾಲಿಗೆ ಮಾಡುವವನು; ಹೊಳೆಪ್ಪನ ವಾರಿಗೆಯವನು, ಗಡ್ಡ ಬೆಳ್ಳಗಾದರೂ ಉಳುವ ಗಳೆ ಬಿಟ್ಟವನಲ್ಲ. ಹೇಮಂತ ಅವನನ್ನು ಕಾಕಾ ಎನ್ನುತ್ತಿದ್ದ. ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು, ಸುಣ್ಣ ಬಳಿದು, ಕುಂಕುಮ ಹಚ್ಚಿ, ಹಸಿರು ಖಣ ಹೊದಿಸಿದರು. ಶಾರದವ್ವ ದೀಪ ಹಚ್ಚಿದಳು. ಅಲ್ಲಿಯ ತನಕ ಬಿಗಿದುಕೊಂಡಿದ್ದ ಗಾಳಿ ಮೂಡಣದಿಂದ ಒಂದು ಸಲ ತಣ್ಣಗೆ ಬೀಸಿತು. ಉಳಿದವರಿಗೆ ಅದು ಹಿತವಾಯಿತು. ನಂದಾ ಕಣ್ಣು ಮುಚ್ಚಿ ಕತ್ತೆತ್ತಿ ಅದನ್ನು ಮುಖಕ್ಕೆ ತಾಗಿಸಿಕೊಂಡಳು. ಮೋಡ ಹತ್ತಿರ ಬಂತೆಂದು ಹೇಮಂತನಿಗೆ ಅದೇ ಗಾಳಿ ಹೇಳಿತು. ಮರದ ಬೊಡ್ಡೆಗೆ ಆತು ನಿಂತು ಫೋನು ತೆಗೆದ. ಮೋಡದ ನೆತ್ತಿ ಈಗ ಚಪ್ಪಟೆಯಾಗಿ ಇವರ ಕಡೆಗೇ ಬಾಗಿತ್ತು. ಫೋಟೋ ಹೊಡೆದು ಬರೆದ: 'ಯಮನೂರಿನ ಪೂರ್ವಕ್ಕೆ ಸಿಡಿಲು ಮೋಡ. ಪಶ್ಚಿಮಕ್ಕೆ ಸಾಗುತ್ತಿದೆ. ಹೊಲದಲ್ಲಿ ಇರುವವರು ಕೂಡಲೇ ಕಟ್ಟಡ ಸೇರಿರಿ. ಯಾವ ಕಾರಣಕ್ಕೂ ಮರದ ಕೆಳಗೆ ನಿಲ್ಲಬೇಡಿರಿ.' ಕಳಿಸಿ ತಲೆಯೆತ್ತಿದರೆ ಮೇಲೆ ಬನ್ನಿಯ ಟೊಂಗೆ.

ಫೋನು ಜೇಬಿನಲ್ಲಿ ಒಂದೇ ಸಮನೆ ನಡುಗತೊಡಗಿತು. ಜಾಕೀರ್ ಅವನ ಮಾತನ್ನು ನಾಲ್ಕಾರು ಗುಂಪುಗಳಿಗೆ ದಾಟಿಸಿದ್ದ. ಬಮ್ಮಿಗಟ್ಟಿಯ ಅತಿಯಾ ಎಂಬ ಅಂಗನವಾಡಿ ಟೀಚರು, ಅವರನ್ನು ಇವನು ಮುಖತಃ ನೋಡಿದವನೂ ಅಲ್ಲ, 'ಸರ್, ಇಲ್ಲಿ ಇನ್ನೂ ಬಿಸಿಲಿದೆ, ಆದರೂ ಹೊಲದವರಿಗೆಲ್ಲ ಹೇಳಿ ಕಳಿಸಿದೆ, ನಿಮಗೆ ಪುಣ್ಯ ಬರಲಿ' ಎಂದು ಬರೆದಿದ್ದರು. ಎಲ್ಲಿಯೋ ಇರುವ ಬಮ್ಮಿಗಟ್ಟಿಯ ಮಂದಿ, ಬಿಸಿಲಿನಲ್ಲಿ ನಿಂತವರು, ಇವನ ಒಂದು ಮಾತಿಗೆ ಕುಡಗೋಲು ಕೆಳಗಿಟ್ಟು ಮನೆಗೆ ನಡೆದಿದ್ದಾರೆ. ಇಲ್ಲಿ ನಾಲ್ಕು ಮಾರು ದೂರದಲ್ಲಿ ಮಾವ ಊದಿನಕಡ್ಡಿ ಹಚ್ಚುತ್ತಿದ್ದಾನೆ, ಅವನಿಗೆ ಹೇಳಲು ಇವನ ಬಾಯಿ ಏಳುತ್ತಿಲ್ಲ. ಇದೇನು ಹೆದರಿಕೆಯೋ, ಸಂಕೋಚವೋ, ಅಥವಾ ಬರೀ ಉಳ್ಳಾಗಡ್ಡಿಯೋ. ಹೋದ ತಿಂಗಳು ಅಂಗಳದಲ್ಲಿ ಹರಡಿದ ಉಳ್ಳಾಗಡ್ಡಿಗೆ ಮಳೆ ಬರುತ್ತದೆಂದು ಇವನೇ ಓಡಾಡಿ ತಾಡಪತ್ರಿ ಹೊಚ್ಚಿಸಿದ್ದ. ಮಳೆ ಅಣ್ಣಿಗೇರಿಯ ಕಡೆಗೆ ಹೊರಳಿಕೊಂಡು ಹೋಯಿತು. ಇವತ್ತು ಬಂದೀತು, ನಾಳೆ ಬಂದೀತು ಅಂತ ತಾಡಪತ್ರಿ ತೆಗೆಯಗೊಡಲಿಲ್ಲ. ತೆಗೆದಾಗ ಅರ್ಧ ಗಡ್ಡೆ ಬೆವೆತು ಕೊಳೆತಿತ್ತು. ಹೊಳೆಪ್ಪ, "ಇರಲಿ ಬಿಡ್ರಿ ಅಳ್ಯಾರ," ಎಂದ, ಅಷ್ಟೇ. ಆ 'ಇರಲಿ' ತಿಂಗಳಿಡೀ ಮನೆಯಲ್ಲಿ ಕೊಳೆತ ವಾಸನೆಯ ಜೊತೆಗೇ ಇತ್ತು. ದಾವೂದಸಾಬ ಒಬ್ಬನೇ, ಕೊಳೆತದ್ದನ್ನು ಇವನ ಜೊತೆ ಕೂತು ಆರಿಸುತ್ತ, "ಮಳಿ ಬಂದಿತ್ತಂದ್ರ ಎಲ್ಲಾ ಉಳೀತಿತ್ತಲ್ರಿ. ನೀವು ಮಾಡಿದ್ದ ಬರೋಬ್ಬರಿ ಐತಿ," ಎಂದಿದ್ದ.

ಪೂಜೆ ಮುಗಿದು ಚರಗ ಚೆಲ್ಲಲು ಹೊರಟರು. ಮಾಡಿದ ಅಡುಗೆಯನ್ನೆಲ್ಲ ಬೆರೆಸಿ ಹೊಲದ ಸುತ್ತ ಚೆಲ್ಲುತ್ತ ಹೋಗುವುದು ಮನೆಯ ಹಿರಿಯನ ಕೆಲಸ. ಹಿಂದಿನಿಂದ ತಂಬಿಗೆಯಲ್ಲಿ ನೀರು ಚಿಮುಕಿಸುತ್ತ ಹೋಗುವುದು ಮಗನ ಕೆಲಸ. ಮಗನಿಲ್ಲದ ಹೊಳೆಪ್ಪನ ಹಿಂದೆ ಇಷ್ಟು ವರ್ಷ ಹೇಮಂತನೇ ನಡೆದಿದ್ದ. ಮೊದಲ ವರ್ಷ ತಂಬಿಗೆ ಕೈಗೆ ಕೊಟ್ಟಾಗ ಅವನ ಕಣ್ಣಲ್ಲಿ ನೀರು ಬಂದಿತ್ತು. ಆಗ ಅವನು ಮಗನಾದೆನೆಂದು ತಿಳಿದಿದ್ದ. ಈಗ ಹತ್ತಿಯ ಸಾಲಿನಲ್ಲಿ ಮಾವನ ಅಗಲವಾದ ಬೆನ್ನನ್ನು ನೋಡುತ್ತ ನಡೆಯುವಾಗ, ಮೋಡದ ಹೊಟ್ಟೆಯೊಳಗೆ ಬೆಳಕು ಆಡಿತು. ಮನಸ್ಸಿನಲ್ಲೇ ಎಣಿಸತೊಡಗಿದ. ಮಿಂಚು ಕಂಡ ಮೇಲೆ ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿತೆಂದರೆ ಹೊರಗಿರಬಾರದು, ಇದು ತರಬೇತಿಯ ಪಾಠ. ಗುಡುಗು ಬಂತು, ದೂರದಿಂದ, ಖಾಲಿ ಪೀಪಾಯಿ ಉರುಳಿದಂತೆ. ಇನ್ನೂ ಸಮಯವಿದೆ. ಮತ್ತೆ ಮಿಂಚು, ಮತ್ತೆ ಎಣಿಕೆ. ಈ ಸಲ ಎಣಿಕೆ ಸಣ್ಣದಾಯಿತು. ನೀರು ಚಿಮುಕಿಸುವುದು ಮರೆತು ತಂಬಿಗೆ ಎದೆಗೊತ್ತಿಕೊಂಡು ನಿಂತಿದ್ದ.

"ಮಾಮಾ," ಎಂದ. "ಎಡಿ ಬುಟ್ಟಿ ಖೋಲ್ಯಾಗ ಒಯ್ದು ಅಲ್ಲೇ ಉಣ್ಣೂಣೇನ್ರಿ?"

"ಯಾಕ್ರಿ?"

"ಮ್ವಾಡ ಎದ್ದೈತ್ರಿ. ಗಿಡದ ಬುಡಕ ಕುಂಡ್ರೂದು ಛಲೋ ಅಲ್ರಿ."

ಹೊಳೆಪ್ಪ ತಿರುಗಿ ಮೋಡ ನೋಡಲಿಲ್ಲ, ಅಳಿಯನ ಮುಖ ನೋಡಿದ. ಸಿಟ್ಟಿನಿಂದಲ್ಲ, ಹಬ್ಬದ ದಿನ ಸಣ್ಣ ಕೂಸು ಹಟ ಮಾಡಿದರೆ ನೋಡುತ್ತಾರಲ್ಲ, ಹಾಗೆ. "ಬಸರಿ ಹೆಣ್ಮಗಳ ಮುಂದ ತಾಟು ಇಟ್ಟು, ಆಕಿ ತುತ್ತು ಎತ್ತೂದ್ರಾಗ ನಾವು ಎದ್ದು ಹೋಗೂದೇನ್ರಿ? ಈ ಬನ್ನಿ ನಮ್ಮಜ್ಜ ನೋಡ್ಯಾನ, ನಮ್ಮಪ್ಪ ನೋಡ್ಯಾನ. ಏನೂ ಆಗಿಲ್ಲ. ನೀರು ಹಾಕ್ರಿ ಅಳ್ಯಾರ, ಆ ಸಾಲು ಹಂಗ ಉಳೀತು ನೋಡ್ರಿ."

ಹೇಮಂತ ನೀರು ಹಾಕಿದ. ಸಿಡಿಲು ಎಂಬ ಶಬ್ದ ನಾಲಗೆಯ ತುದಿಗೆ ಬಂದು ಕೂತಿತ್ತು. ಇವತ್ತು, ಈ ಹೊಲದಲ್ಲಿ, ಆ ಶಬ್ದ ತೆಗೆಯುವುದೆಂದರೆ ಸೀಮಂತದ ಮನೆಯಲ್ಲಿ ಕೂತು ಸಾವಿನ ಸುದ್ದಿ ಹೇಳಿದಂತೆ. ಹೇಳಿ, ಸಿಡಿಲು ಬೀಳದೆ ಹೋದರೆ? ಈ ವರ್ಷ ಹತ್ತಿಗೆ ಹುಳ ಬಿದ್ದರೂ, ಮೆಣಸಿನಕಾಯಿ ಬಣ್ಣ ತೆಗೆಯದಿದ್ದರೂ, ಅತ್ತೆಯ ಮೊಣಕಾಲು ನೋವು ಹೆಚ್ಚಾದರೂ, ಚರಗದ ದಿನ ಅಳಿಯ ಆಡಿದ ಮಾತೇ ಕಾರಣವಾಗುತ್ತದೆ. ಯಾರೂ ಬಾಯಿಬಿಟ್ಟು ಹಾಗೆ ಅನ್ನುವುದಿಲ್ಲ. 'ಇರಲಿ ಬಿಡ್ರಿ' ಎನ್ನುತ್ತಾರೆ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ನಾಲ್ಕು ಜನರ ಜೀವವನ್ನೂ ಒಂದು 'ಇರಲಿ'ಯನ್ನೂ ತೂಗುತ್ತ ನಿಂತಿದ್ದೇನೆ, ತಕ್ಕಡಿ ಅಲ್ಲಾಡುತ್ತಿದೆ, ಎಂಥ ಮನುಷ್ಯ ನಾನು.

ತಿರುಗಿ ಮರದ ಕೆಳಗೆ ಬಂದಾಗ ಹೆಂಗಸರು ಎಲೆ ಹಾಸಿ ಕಾಯುತ್ತಿದ್ದರು. ಪೂರ್ವದ ಅರ್ಧ ಮುಗಿಲು ಕಪ್ಪಾಗಿ, ಪಶ್ಚಿಮದ ಬಿಸಿಲು ಮಾತ್ರ ಹತ್ತಿಯ ಮೇಲೆ ವಿಚಿತ್ರವಾಗಿ ಹೊಳೆಯುತ್ತಿತ್ತು. "ಹೊಲ ಎಷ್ಟ ಚಂದ ಕಾಣತೈತಿ ನೋಡ," ಎಂದಳು ಶಾರದವ್ವ. ಎಲ್ಲರೂ ಕೂತರು. ಮೊದಲ ಹೋಳಿಗೆಯನ್ನು ಅವಳು ದಾವೂದಸಾಬನ ಎಲೆಗೆ ನೀಡಿದಳು. ಈ ಮನೆಯ ಪದ್ಧತಿಯೇ ಅದು: ಚರಗದ ದಿನ ಮೊದಲ ನೀಡಿಕೆ ಹೊಲ ಹರಗಿ ಬಿತ್ತಿದವನಿಗೆ, ಆಮೇಲೆ ಅಳಿಯನಿಗೆ, ಆಮೇಲೆ ಮನೆಯವರಿಗೆ. ಹೇಮಂತನಿಗೆ ಆ ಪದ್ಧತಿ ಮೊದಲಿನಿಂದಲೂ ಬಹಳ ಸೇರಿತ್ತು. ಮಿಶ್ರಿಕೋಟಿಗೆ ಹೋದಾಗ ಜಾಕೀರ್ ಮುಂದೆ ಅದನ್ನು ಹೆಮ್ಮೆಯಿಂದ ಹೇಳಿದ್ದ ಕೂಡ. ಈಗ ಮಿಂಚು ಕಣ್ಣು ಕುಕ್ಕುವಂತೆ ಹೊಳೆಯಿತು. ಎಣಿಸಿದ. ಹದಿನೈದಕ್ಕೆಲ್ಲ ಗುಡುಗು ಬಂತು, ನೆಲದ ಮೂಲಕ ಕೂತ ತೊಡೆಗೇ ಬಂದು ತಾಗಿತು. ಶಾರದವ್ವ ತುಪ್ಪದ ಗಿಂಡಿ ಹಿಡಿದು, "ಮಳಿರಾಯನೂ ಉಣ್ಣಾಕ ಬಂದ," ಎಂದಳು. ಹೊಳೆಪ್ಪ ನಕ್ಕ.

ಆಗ ಹೇಮಂತನಿಗೆ ಗೌರೀಶ ನೆನಪಾದ, ನಾದಿನಿ ನೇತ್ರಾಳ ಗಂಡ. ಪಂಚಮಿಗೆ ಬಂದವನು, ತನಗೆ ತಂದ ಧೋತರದ ಅಂಚು ಸಣ್ಣದಾಯಿತೆಂದು ಎಲೆಯ ಮುಂದಿನಿಂದ ಎದ್ದು ಬಸ್‌ಸ್ಟ್ಯಾಂಡಿಗೆ ಹೋಗಿ ಕೂತಿದ್ದ. ಒಲೆಯ ಮೇಲಿನ ಪಾತ್ರೆ ಒಲೆಯ ಮೇಲೇ ಬಿಟ್ಟು ಮನೆ ಮಂದಿಯೆಲ್ಲ ಅವನ ಹಿಂದೆ ಓಡಿತ್ತು. ಅಳಿಯ ಉಣ್ಣದೆ ಎದ್ದು ಹೋದರೆ ಈ ಸೀಮೆಯಲ್ಲಿ ಯಾರೂ ಕೂತಲ್ಲಿ ಕೂರುವುದಿಲ್ಲ. ಹೋಗಿ, ಕೈಹಿಡಿದು, ಗದ್ದ ಹಿಡಿದು, ತಿರುಗಿ ಎಲೆಯ ಮುಂದೆ ತಂದು ಕೂರಿಸಲೇಬೇಕು. ಇಷ್ಟು ವರ್ಷದಲ್ಲಿ ಹೇಮಂತ ಒಮ್ಮೆಯೂ ಸಿಟ್ಟು ಮಾಡಿದವನಲ್ಲ. 'ಬಂಗಾರದಂಥಾ ಅಳಿಯ' ಎಂದು ಶಾರದವ್ವ ಬಾವಿಕಟ್ಟೆಯಲ್ಲಿ ನಿಂತು ಹೇಳಿಕೊಳ್ಳುತ್ತಿದ್ದದ್ದು ಅವನ ಕಿವಿಗೂ ಬಿದ್ದಿತ್ತು. ಮೋಡದ ಮಾತು ಕೇಳದವರು ಸಿಟ್ಟಿನ ಮಾತು ಕೇಳುತ್ತಾರೆ. ಕಾರಣ ಬೇಕಿತ್ತು. ಕಾರಣ ಎದುರಿಗೇ, ದಾವೂದಸಾಬನ ಎಲೆಯ ಮೇಲೆ ಇತ್ತು. ಇನ್ನೊಂದನ್ನು ಹುಡುಕಬಹುದಿತ್ತೇನೋ, ಹೊತ್ತಿರಲಿಲ್ಲ.

"ಎಲ್ಲಾರಿಗಿಂತ ಮೊದಲ ಪಾಲಿನವಗ ನೀಡ್ತೀರಿ," ಎಂದ. ಅವನ ದನಿ ಅವನಿಗೇ ಗುರುತು ಸಿಗಲಿಲ್ಲ. "ಹಂಗಾದ್ರ ಈ ಮನ್ಯಾಗ ನಾ ಯಾರು?"

ಶಾರದವ್ವನ ಕೈಯಲ್ಲಿ ಗಿಂಡಿ ಹಾಗೇ ನಿಂತಿತು. ದಾವೂದಸಾಬ ಹೋಳಿಗೆ ಮುರಿದಿದ್ದ. ಮುರಿದ ಚೂರನ್ನು ಸದ್ದಾಗದಂತೆ ತಿರುಗಿ ಎಲೆಯ ಮೇಲಿಟ್ಟ. ಕಾಕಾ ಎಂದು ಕರೆಯುತ್ತಿದ್ದ ಬಾಯಿಯಿಂದ 'ಪಾಲಿನವ' ಎಂಬ ಮಾತು ಎಷ್ಟು ಸಲೀಸಾಗಿ ಬಂತು ಎಂಬುದು ಹೇಮಂತನನ್ನೇ ಹೆದರಿಸಿತು. ಎಲೆಯನ್ನು ಸರಿಸಿ ಎದ್ದ. "ನಾ ಉಣ್ಣೂದಿಲ್ಲ. ನೀವ ಉಣ್ರಿ," ಎಂದು ಖೋಲಿಯ ಕಡೆಗೆ ದೊಡ್ಡ ದೊಡ್ಡ ಹೆಜ್ಜೆ ಹಾಕಿದ. ತಿರುಗಿ ನೋಡುವಂತಿಲ್ಲ, ಸಿಟ್ಟು ಬಂದವನು ತಿರುಗಿ ನೋಡುವುದಿಲ್ಲ. ಕಿವಿಯೆಲ್ಲ ಬೆನ್ನಿಗೆ ಬಂದಿತ್ತು. ಸ್ವಲ್ಪ ಹೊತ್ತು ಬರೀ ಹತ್ತಿಯ ಎಲೆಗಳ ಸದ್ದು. ಆಮೇಲೆ ಬಳೆ, ಆಮೇಲೆ "ಅಳ್ಯಾರ, ಏ ಅಳ್ಯಾರ" ಎಂಬ ಶಾರದವ್ವನ ಏದುಸಿರು, ಅದರ ಹಿಂದೆ ಹೊಳೆಪ್ಪನ ಭಾರದ ಹೆಜ್ಜೆ. ಬಂದರು. ಹೇಮಂತನ ಎದೆಯಲ್ಲಿ ಸಂತೋಷ ಉಕ್ಕಿತು, ಮುಖ ಗಂಟಿಕ್ಕಿಕೊಂಡೇ ಇತ್ತು.

ಖೋಲಿಯಲ್ಲಿ ಆಡಿನ ಹಿಕ್ಕೆಯ ವಾಸನೆ. ಮೂಲೆಗೆ ಮುಖ ಮಾಡಿ ನಿಂತ. ಶಾರದವ್ವ ಎಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದಳು, ಹೋಳಿಗೆಯ ಮೇಲೆ ತುಪ್ಪ ಹರಿದು ಅವಳ ಮುಂಗೈಗೆ ಇಳಿದಿತ್ತು. "ತಪ್ಪಾತ್ರಿ. ನನ್ನ ಕೈಲೆ ತಪ್ಪಾತು. ಒಂದ ತುತ್ತು ಉಣ್ರಿ," ಎಂದು ಅವನ ಗದ್ದ ಮುಟ್ಟಿದಳು. ಅವನು ಕತ್ತು ಹೊರಳಿಸಿದ. ಒಪ್ಪಿದರೆ ಎಲ್ಲರೂ ತಿರುಗಿ ಮರದ ಕೆಳಗೆ ಹೋಗುತ್ತಾರೆ. ಮೋಡ ದಾಟುವ ತನಕ ಈ ಸಿಟ್ಟನ್ನು ಉರಿಸಬೇಕು. ಸುಳ್ಳು ಸಿಟ್ಟನ್ನು ಉರಿಸುವುದು ಎಷ್ಟು ಕಷ್ಟವೆಂದು ಅವನಿಗೆ ಗೊತ್ತಿರಲಿಲ್ಲ. ನಂದಾ ಹೊಸ್ತಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು. "ನಿಮಗ ನಾಚಿಕಿ ಬರೂದಿಲ್ಲೇನ್ರಿ?" ಎಂದಳು ಮೆತ್ತಗೆ. ಅವನಿಗೆ ಬರುತ್ತಿತ್ತು.

ಹೊಳೆಪ್ಪ ಕೊನೆಗೆ ಒಳಗೆ ಬಂದ. ಉಸಿರು ಸುಧಾರಿಸಿಕೊಳ್ಳುವ ತನಕ ಗೋಡೆ ಹಿಡಿದು ನಿಂತ. "ಗೌರೀಶಗ ಇದು ಹೊಸಾದಲ್ಲ," ಎಂದ. "ನಿಮ್ಮ ಕಡಿಂದ ಇದು ಬರತೈತಂತ ನಾ ಅನ್ಕೊಂಡಿದ್ದಿಲ್ಲ. ಇರ್ಲಿ, ನಮ್ಮ ಕಡಿಂದ ಎಲ್ಲೋ ಕಮ್ಮಿ ಆಗಿದ್ದೀತು. ಎಷ್ಟ ದಿನದಿಂದ ಮನಸಿನ್ಯಾಗ ಇಟ್ಕೊಂಡಿದ್ರೋ ಏನೋ." ಹೇಮಂತ ಬಾಯಿ ತೆರೆದ. ಅಷ್ಟರಲ್ಲಿ ಹೊಳೆಪ್ಪ ಎರಡೂ ಕೈಯೆತ್ತಿ ತಲೆಯ ರುಮಾಲು ತೆಗೆದ, ಕಷ್ಟಪಟ್ಟು ಬಾಗಿದ, ಅದನ್ನು ಅಳಿಯನ ಕಾಲ ಮುಂದೆ ಹಿಕ್ಕೆಯ ನೆಲದ ಮೇಲೆ ಇಟ್ಟ. "ಭೂಮಿತಾಯಿ ಉಪಾಸ ಕುಂತಾಳ. ಬರ್ರಿ."

ಶಾರದವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಹೇಮಂತ ಕಾಲು ಹಿಂದಕ್ಕೆ ಎಳೆದುಕೊಂಡ. ಊರ ಪಂಚಾಯಿತಿಯಲ್ಲಿ, ಬೀಗರ ಜಗಳದಲ್ಲಿ, ಎಲ್ಲಿಯೂ ಈ ಮನುಷ್ಯ ರುಮಾಲು ತೆಗೆದವನಲ್ಲ. ಈಗ ಹೇಳಿಬಿಡಬೇಕು, ಸಿಟ್ಟಲ್ಲ ಮಾಮಾ, ಮೋಡ, ಅಂತ. ಹೇಳಿದರೆ ನೆಲದ ಮೇಲಿನ ರುಮಾಲು ಏನಾಗುತ್ತದೆ? ಅದಕ್ಕೊಂದು ಉತ್ತರ ಹುಡುಕುತ್ತ ಸುತ್ತ ನೋಡಿದವನಿಗೆ, ಮೂರೇ ಮುಖ ಕಂಡವು.

"ದಾವೂದ ಕಾಕಾ ಎಲ್ಲಿ?" ಎಂದ.

"ಅವರು ಯಾವ ಮಾರಿ ತಗೊಂಡು ಬರ್ತಾರ, ನೀವು ಅಷ್ಟ ಅಂದ ಮ್ಯಾಲ?" ಎಂದಳು ನಂದಾ. "ದೀಪ ಆರಬಾರ್ದು, ನಾ ನೋಡ್ಕೋತೀನಿ, ನೀವು ಹೋಗಿ ಸಮಾಧಾನ ಮಾಡ್ರಿ ಅಂದ್ರು."

ಬಾಗಿಲಿಲ್ಲದ ಬಾಗಿಲಿನಿಂದ ಮರ ಕಾಣುತ್ತಿತ್ತು. ಅದರ ಕೆಳಗೆ ಒಬ್ಬನೇ ಮನುಷ್ಯ, ಮರಕ್ಕೆ ಬೆನ್ನು ಹಚ್ಚಿ ಕೂತು, ಹೆಗಲ ಮೇಲಿನ ಟಾವೆಲನ್ನು ಎರಡೂ ಕೈಯಲ್ಲಿ ಅಗಲಿಸಿ ಗಾಳಿಗೆ ಅಡ್ಡ ಹಿಡಿದಿದ್ದ. ಮಿಂಚು ಹೊಡೆಯಿತು. ಎಣಿಸುವುದಕ್ಕೆ ಏನೂ ಉಳಿಯಲಿಲ್ಲ, ಗುಡುಗು ಅದರ ಬೆನ್ನಿಗೇ ಇತ್ತು. ಹೇಮಂತ ಓಡಿದ. ಓಡುವಾಗ ಕಾಲ ಕೆಳಗೆ ಮೆತ್ತಗಿನದೇನೋ ಸಿಕ್ಕಿತು. ಅದು ಏನೆಂದು ಅವನಿಗೆ ಆ ಕ್ಷಣಕ್ಕೇ ಗೊತ್ತಿತ್ತು. ಹಿಂದೆ ಶಾರದವ್ವ "ಅಯ್ಯ ಶಿವನ" ಎಂದದ್ದೂ ಕೇಳಿತು. ಹತ್ತಿಯ ಗಿಡಗಳನ್ನು ತುಳಿಯುತ್ತ, ಇಡೀ ದಿನ ನುಂಗಿದ ಶಬ್ದವನ್ನು ಈಗ ಗಂಟಲು ಹರಿಯುವಂತೆ ಕೂಗುತ್ತ ಓಡಿದ: ಸಿಡಿಲು, ಕಾಕಾ, ಸಿಡಿಲು, ಏಳ್ರಿ.

ದಾವೂದಸಾಬ ಏಳಲಿಲ್ಲ. ಇವನು ಹತ್ತಿರ ಬಂದಾಗ ಮುಖವೆತ್ತಿ ನೋಡಿ, ಮತ್ತೆ ದೀಪ ನೋಡಿದ. "ನೀವು ಉಣ್ರಿ ಅಳ್ಯಾರ. ನಾ ಇಲ್ಲೇ ಛಲೋ ಅದೀನಿ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಹೊರಗಿನವನಿಗೆ ಹೇಳುವಂತೆ ಹೇಳಿದ. "ಕಾಕಾ, ಕಾಲು ಬೀಳ್ತೀನಿ," ಎಂದು ಹೇಮಂತ ಅವನ ರಟ್ಟೆಗೆ ಕೈಹಾಕಿ ಎಬ್ಬಿಸಿದ, ಎಳೆದುಕೊಂಡು ಹೊರಟ. ಮುದುಕನ ಮೈ ನಿರೀಕ್ಷಿಸಿದ್ದಕ್ಕಿಂತ ಹಗುರವಾಗಿತ್ತು. ಅರ್ಧ ದಾರಿಯಲ್ಲಿ ಮಳೆ ಬಂತು, ದಪ್ಪ ಹನಿ, ಬೆನ್ನಿಗೆ ಹರಳು ಎಸೆದಂತೆ. ಎರೆ ಮಣ್ಣು ಕಾಲಿಗೆ ಮೆತ್ತಿ ಹೆಜ್ಜೆ ಭಾರವಾಯಿತು. ದಾವೂದಸಾಬ ಒಂದು ಸಲ ತಿರುಗಿ ನೋಡಿ, "ದೀಪ ಹೋತು," ಎಂದ.

ಖೋಲಿಯೊಳಗೆ ಹೊಳೆಪ್ಪ ಬರಿತಲೆಯಲ್ಲಿ ಗೋಡೆಗೆ ಆತು ಕೂತಿದ್ದ. ಒಂದೇ ಮನೆಯಲ್ಲಿದ್ದೂ ಮಾವನ ತಲೆಯನ್ನು ಹೇಮಂತ ಹೀಗೆ ಹಗಲಿನಲ್ಲಿ ನೋಡಿರಲಿಲ್ಲ. ಕೂದಲು ತೆಳ್ಳಗಾಗಿತ್ತು, ಹಣೆಗೆ ಅಡ್ಡವಾಗಿ ರುಮಾಲಿನ ಗೆರೆ ಎದ್ದಿತ್ತು. ರುಮಾಲು ನಂದಾಳ ಮಡಿಲಲ್ಲಿತ್ತು. ಅದರ ಮೇಲೆ ಒಂದು ಹೆಜ್ಜೆ ಪೂರ್ತಿ ಮೂಡಿತ್ತು, ಹಿಮ್ಮಡಿಯಿಂದ ಬೆರಳ ತನಕ. ಅವಳು ಅದನ್ನು ಒರೆಸಲೂ ಇಲ್ಲ, ಮುಚ್ಚಿಡಲೂ ಇಲ್ಲ. ಹೇಮಂತ ಮಾವನ ಮುಂದೆ ಕುಕ್ಕರಗಾಲಿನಲ್ಲಿ ಕೂತ.

"ಸಿಡಿಲು ಬೀಳ್ತೈತಂತ ಹಂಗ ಮಾಡಿದೆ ಮಾಮಾ. ಗಿಡದ ಬುಡದಿಂದ ನಿಮ್ಮನ್ನ ಎಬ್ಬಸಬೇಕಿತ್ತು. ಬಾಯಿಲೆ ಹೇಳಿದ್ರ ನೀವು ಏಳಲಿಲ್ಲ. ನನಗ ಸಿಟ್ಟು ಬಂದಿದ್ದಿಲ್ರಿ. ಸುಳ್ಳ ಸಿಟ್ಟು."

"ಸುಳ್ಳ ಸಿಟ್ಟು," ಎಂದ ಹೊಳೆಪ್ಪ. ದಾವೂದಸಾಬನ ಕಡೆಗೆ ಕೈ ತೋರಿಸಿದ. "ದಾವೂದಗ ಅಂದದ್ದೂ?"

"ಅದೂ ಸುಳ್ರಿ."

ದಾವೂದಸಾಬ ಟಾವೆಲು ಹಿಂಡುತ್ತಿದ್ದ. ತಲೆ ಎತ್ತಲಿಲ್ಲ.

"ನಾ ರುಮಾಲು ಖರೇನ ಇಟ್ಟಿದ್ದೆ," ಎಂದ ಹೊಳೆಪ್ಪ.

ಶಾರದವ್ವ, ಏನೂ ಕಪಟವಿಲ್ಲದೆ, ಹೊರಗೆ ಇಣುಕಿ, "ಎಲ್ಲಿ ಬಿತ್ತಾ ಸಿಡಿಲು?" ಎಂದು ಕೇಳಿದಳು. ಎಲ್ಲರೂ ಮರದ ಕಡೆಗೆ ನೋಡಿದರು. ಹೇಮಂತನೂ ನೋಡಿದ. ಇಷ್ಟು ಹೊತ್ತು ಯಾವುದು ಆಗದಿರಲಿ ಎಂದು ಎದೆ ಬಡಿದುಕೊಂಡಿತ್ತೋ ಅದೇ ಈಗ ಆಗಲಿ ಎಂದು ಅವನು ಬೇಡುತ್ತಿದ್ದ. ಬೀಳಲಿ. ಈಗಲಾದರೂ ಬಿದ್ದುಬಿಡಲಿ. ಯಾರೂ ಇಲ್ಲ ಅಲ್ಲಿ, ಐದು ಕಲ್ಲು, ಒಂದು ಹಸಿರು ಖಣ, ತೊಯ್ದ ಎಲೆಗಳು. ಅಜ್ಜ ನೋಡಿದ ಮರ, ಅಪ್ಪ ನೋಡಿದ ಮರ, ನೆತ್ತಿಯಿಂದ ಬುಡದ ತನಕ ಸೀಳಿ ಕರಿಕಾಗಿ ನಿಲ್ಲಲಿ, ಇವರೆಲ್ಲ ಕಣ್ಣಾರೆ ನೋಡಲಿ. ಅಷ್ಟು ಗಟ್ಟಿಯಾಗಿ ಅವನು ಜನ್ಮದಲ್ಲಿ ಏನನ್ನೂ ಬೇಡಿಕೊಂಡಿರಲಿಲ್ಲ. ಮಿಂಚಿತು. ಕಾಲುವೆಯ ಆಚೆ, ದೂರ. ಗುಡುಗು ನಿಧಾನವಾಗಿ ಬಂತು. ಮುಂದಿನದು ಇನ್ನೂ ನಿಧಾನವಾಗಿ. ಮೋಡ ಪಶ್ಚಿಮಕ್ಕೆ ಸರಿಯುತ್ತಿತ್ತು.

ಮಳೆ ನಿಂತ ಮೇಲೆ ದಾವೂದಸಾಬ ಎದ್ದು, ದೀಪ ಮತ್ತೆ ಹಚ್ಚಬೇಕಲ್ಲವೆಂದು ಕಡ್ಡಿಪೆಟ್ಟಿಗೆ ಕೇಳಿದ. ಶಾರದವ್ವ ಸೊಂಟದಿಂದ ತೆಗೆದು ಕೊಟ್ಟಳು. ಹೊಳೆಪ್ಪ ಬರಿತಲೆಯಲ್ಲೇ ಅವನ ಜೊತೆ ಹೊರಗಿಳಿದ, ನಂದಾ ರುಮಾಲು ಹಿಡಿದುಕೊಂಡು ಅವ್ವನ ಜೊತೆ ಅವರ ಹಿಂದೆ ಹೋದಳು. ಬನ್ನಿ ಮೈ ತೊಳೆದುಕೊಂಡು ಹಸಿರಾಗಿ ನಿಂತಿತ್ತು. ಹೇಮಂತ ಖೋಲಿಯ ಬಾಗಿಲಲ್ಲಿ ನಿಂತು, ಅವರು ಮರದ ಕೆಳಗೆ ಸೇರಿ, ಎಲೆಗಳನ್ನು ಕೊಡವಿ ಮತ್ತೆ ಊಟಕ್ಕೆ ಕೂರುವುದನ್ನು ನೋಡಿದ. ಶಾರದವ್ವ ಮೊದಲು ದಾವೂದಸಾಬನಿಗೆ ನೀಡಿದಳು, ಆಮೇಲೆ ಹೊಳೆಪ್ಪನಿಗೆ ನೀಡಿದಳು. ಅವನನ್ನು ಕರೆಯಲು ಯಾರೂ ಬರಲಿಲ್ಲ.